ಮರದೊಳಗಿನ ಮಸಿ

ಖಾನಾಪುರದ ನಮ್ಮ ಹಳೆಯ ಮನೆಯ ಮಹಡಿಯಲ್ಲಿ, ಕಿಟಕಿಗೆ ಹತ್ತಿಕೊಂಡ ಎರಡು ಸಾಗವಾನಿ ಹಲಗೆಗಳ ಮೇಲೆ, ಊಟದ ತಟ್ಟೆಯಷ್ಟು ಅಗಲದ ಕಪ್ಪು ಕಲೆಯೊಂದಿತ್ತು. ಅಜ್ಜ ಅಲ್ಲೇ ಇಳಿಜಾರು ಮೇಜು ಇಟ್ಟುಕೊಂಡು ಕೂಡುತ್ತಿದ್ದ. ದಸ್ತಾವೇಜು ಬರೆಯುವುದು ಅವನ ಕಸುಬು. ಹಗಲು ಕಚೇರಿಯ ಕಟ್ಟೆಯ ಮೇಲೆ, ಸಂಜೆ ಮಹಡಿಯಲ್ಲಿ. ಖರೀದಿಪತ್ರ, ವಾಟ್ನಿಪತ್ರ, ಗಹಾಣಪತ್ರ. ಮೋಡಿ ಲಿಪಿಯ ಹಳೆಯ ಕಾಗದ ಓದಿ ಕನ್ನಡದಲ್ಲಿ ತಿಳಿಸಿ ಹೇಳಬಲ್ಲವರು ಊರಲ್ಲಿ ಕಡಿಮೆಯಾಗುತ್ತಿದ್ದ ಕಾಲವದು, ಅಜ್ಜನಿಗೆ ಪುರುಸೊತ್ತಿರಲಿಲ್ಲ. ಯಾವುದೋ ಒಂದು ಸಂಜೆ ದೌತಿ ಉರುಳಿತು. ಉರುಳಿಸಿದವರು ಯಾರು ಎಂಬುದಕ್ಕೆ ಮನೆಯಲ್ಲಿ ಮೂರು ಕತೆಗಳಿವೆ: ಬೆಕ್ಕು, ಗಾಳಿ ಮತ್ತು ನನ್ನ ಅಪ್ಪ.

ಕಳೆದ ಬೇಸಿಗೆಯಲ್ಲಿ ಮನೆ ಕಾಕಾನ ಪಾಲಿಗೆ ಹೋಯಿತು. ಮಹಡಿಯನ್ನು ಹೋಮ್‌ಸ್ಟೇ ಮಾಡುವುದು ಅವನ ಆಲೋಚನೆ. ಮಳೆಗಾಲದಲ್ಲಿ ಖಾನಾಪುರದ ಕಾಡು ನೋಡಲು ಬರುವವರಿಗೆ ಮರದ ನೆಲ ಇಷ್ಟವಾಗುತ್ತದೆ, ಸರಿ. ಆದರೆ ಈ ಕಲೆ? "ಬಂದವರು ರಕ್ತ ಅನ್ಕೋತಾರ. ಹಲಗಿ ಕಿತ್ತು ಸ್ಲ್ಯಾಬ್ ಹಾಕಿ ಟೈಲ್ಸ್ ಕೂಡಿಸ್ತೀನಿ" ಅಂದ. ನಾನು ಗಡಿಭಾಗದ ದಸ್ತಾವೇಜುಗಳ ಭಾಷೆಯ ಮೇಲೆ ಪಿಎಚ್‌ಡಿ ಮಾಡುತ್ತಿರುವವಳು. ಆ ನೆಲ ಹೋದರೆ ಅಜ್ಜ ಕೂತ ಜಾಗವೇ ಹೋದಂತೆ. ಕಲೆ ತೆಗೆದರೆ ಹಲಗೆ ಉಳಿಸುತ್ತೀಯಾ ಎಂದು ಕೇಳಿದೆ. ಎರಡು ವಾರ ಟೈಮು ಕೊಟ್ಟ.

ಅಪ್ಪನಿಗೆ ಹೇಳಲಿಲ್ಲ. ಅಪ್ಪ ಬೆಳಗಾವಿಯ ಆಟೋ ನಗರದಲ್ಲಿ ಲಾರಿಗಳಿಗೆ ಬಾಡಿ ಕಟ್ಟುತ್ತಾನೆ. ನಾವು ಇರುವುದೂ ಅಲ್ಲೇ, ವರ್ಕ್‌ಶಾಪಿನ ಹಿಂದಿನ ಎರಡು ಕೋಣೆಗಳಲ್ಲಿ. ಮೆಟ್ರಿಕ್ ಫೇಲಾದ ವರ್ಷ ಅವನು ಖಾನಾಪುರ ಬಿಟ್ಟು ಬಂದ. ಆಮೇಲೆ ಅಜ್ಜ ಬಹಳ ವರ್ಷ ಅವನ ಜೊತೆ ಮಾತಾಡಲಿಲ್ಲವಂತೆ. ಅಜ್ಜನ ಕಾಗದಗಳನ್ನು ತಿರುವಿಹಾಕುವಾಗ ನಮ್ಮದೇ ಮನೆಯ ವಾಟ್ನಿಪತ್ರದ ಕಚ್ಚಾ ಪ್ರತಿ ಸಿಕ್ಕಿತ್ತು. ಅದರಲ್ಲಿ ಅಪ್ಪನ ಹೆಸರಿನ ಮುಂದೆ, ಧಂದೆ ಎಂಬಲ್ಲಿ, ದುಂಡಗಿನ ಅಕ್ಷರದಲ್ಲಿ "ಬೆಳಗಾವಿಯಲ್ಲಿ ಉದ್ಯೋಗ" ಎಂದಿತ್ತು. ಊರಿನವರ ಧಂದೆಯನ್ನೆಲ್ಲ ಕುಂಬಾರಿಕೆ, ಬಡಿಗತನ, ಕಿರಾಣಿ ಎಂದು ನಿಖರವಾಗಿ ಬರೆದ ಕೈ ಅದು. ಓದಿ ಸಿಟ್ಟು ಬಂತು. ಸ್ವಲ್ಪ ಹೊತ್ತಿನ ಮೇಲೆ, ಫೆಲೋಶಿಪ್ ಅರ್ಜಿಯಲ್ಲಿ ತಂದೆಯ ಉದ್ಯೋಗದ ಮುಂದೆ ನಾನೇ "ಸ್ವಂತ ವ್ಯವಹಾರ" ಎಂದು ತುಂಬಿದ್ದು ನೆನಪಾಯಿತು.

ಮೊದಲ ಭಾನುವಾರ ಒಬ್ಬಳೇ ಖಾನಾಪುರಕ್ಕೆ ಹೋದೆ. ಬ್ಲೀಚಿಂಗ್ ಪೌಡರ್ ಕಲಸಿ ಕಲೆಯ ಮೇಲೆ ಸುರಿದೆ. ಕಾಲು ಗಂಟೆಯಲ್ಲಿ ಕಪ್ಪು ತಿಳಿಯಾಗತೊಡಗಿತು. ಇಷ್ಟು ಸುಲಭವೇ ಅನಿಸಿತು. ಒಣಗಿದ ಮೇಲೆ ನೋಡಿದರೆ ಕಪ್ಪು ತಟ್ಟೆಯ ಜಾಗದಲ್ಲಿ ತುಕ್ಕಿನ ಬಣ್ಣದ ತಟ್ಟೆ. ಈಗ ನಿಜಕ್ಕೂ ರಕ್ತದ ಹಾಗೆಯೇ ಕಾಣುತ್ತಿತ್ತು.

ಏನಾಯಿತೆಂದು ನನಗೆ ಗೊತ್ತಾಗಬೇಕಿತ್ತು. ಓದಿದ್ದು ಅದನ್ನೇ. ಅಜ್ಜನ ಕಾಲದ ನೋಂದಣಿ ಕಾಗದಗಳಿಗೆ ಬಳಸುತ್ತಿದ್ದ ಬ್ಲೂ-ಬ್ಲ್ಯಾಕ್ ಶಾಯಿ ಬರಿಯ ಬಣ್ಣವಲ್ಲ, ಕಬ್ಬಿಣದ ಶಾಯಿ. ಅಣಲೆಕಾಯಿಯಂಥ ಒಗರು ಕಾಯಿಯ ರಸಕ್ಕೆ ಅನ್ನಭೇದಿ ಬೆರೆಸಿದರೆ ಆಗುವಂಥದ್ದೇ ಅದು. ಬರೆದಾಗ ತೆಳು, ಗಾಳಿಗೆ ಒಡ್ಡಿಕೊಂಡಂತೆ ಕಬ್ಬಿಣವೂ ಟ್ಯಾನಿನ್ನೂ ಕಟ್ಟಿಕೊಂಡು ಕಪ್ಪಾಗುತ್ತದೆ. ಬ್ಲೀಚು ಟ್ಯಾನಿನ್ನನ್ನು ಸುಡುತ್ತದೆ, ಕಬ್ಬಿಣವನ್ನು ಮುಟ್ಟುವುದಿಲ್ಲ. ಉಳಿದ ಕಬ್ಬಿಣ ತುಕ್ಕಾಗುತ್ತದೆ.

ಮಸಿಗಳೆಲ್ಲ ಒಂದೇ ಅಲ್ಲ. ಕಾಡಿಗೆಯ ಮಸಿ ಬರಿಯ ಇಂಗಾಲ. ಯಾವ ಆಸಿಡ್ಡಿಗೂ ಜಗ್ಗದು, ಮರವನ್ನೇ ಉಜ್ಜಿ ತೆಗೆಯಬೇಕು. ಶಾಲೆಯ ನೀಲಿ ಶಾಯಿ ಡೈ, ಅದಕ್ಕೆ ಬ್ಲೀಚು ಸಾಕು. 1937ರಲ್ಲಿ ಶುರುವಾದ ಮೈಸೂರಿನ ಬಣ್ಣದ ಕಾರ್ಖಾನೆ 1962ರಿಂದ ಚುನಾವಣೆಗೆ ಕೊಡುತ್ತಿರುವ ಶಾಯಿಯಲ್ಲಿರುವುದು ಬೆಳ್ಳಿಯ ಲವಣ. ಬೆಳಕು ತಾಗಿ ಕಪ್ಪಾಗುತ್ತದೆ, ಅದರ ದಾರಿ ಬೇರೆ. ಯಾವ ಮಸಿ ಎಂದು ತಿಳಿಯದೆ ಕೈ ಹಾಕಬಾರದು. ಇದನ್ನು ನಾನು ಸೆಮಿನಾರಿನಲ್ಲಿ ಹೇಳಿದ್ದೇನೆ. ಹಲಗೆಯ ಮುಂದೆ ಕೂತಾಗ ನೆನಪಾಗಲಿಲ್ಲ.

ಆ ರಾತ್ರಿ ಮೊಬೈಲಿನಲ್ಲಿದ್ದ ಫೋಟೋವನ್ನು ಅಪ್ಪನಿಗೆ ತೋರಿಸಲೇಬೇಕಾಯಿತು.

"ಏನ್ ಹಾಕಿದ್ದಿ ಇದಕ?"

ಹೇಳಿದೆ. ಅಪ್ಪ ಬೈಯಲಿಲ್ಲ. ಅಂಗಳದಲ್ಲಿ ನಿಂತಿದ್ದ ಲಾರಿಯ ಬಳಿಗೆ ಕರೆದೊಯ್ದು ಟಾರ್ಚ್ ಹಿಡಿದ. ಹಳೆಯ ಹಲಗೆಗಳ ಮೇಲೆ, ಒಂದೊಂದು ಬೋಲ್ಟಿನ ಸುತ್ತಲೂ ಕಪ್ಪು ಉಂಗುರ.

"ಮೊದಲ ಇದು ಹಿಂಗ ಇತ್ತಲ್ಲ? ಇದು ಬೋಲ್ಟಿನ ಕರಿ. ಮರದಾಗ ಒಗರು ಇರ್ತೈತಿ. ನೀರು ಬಿದ್ದು ಕಬ್ಬಿಣ ಸಿಕ್ಕರ ಹಿಡಕೋತೈತಿ, ಬಿಡಂಗಿಲ್ಲ."

ನಾನು ಸುಮ್ಮನೆ ನಿಂತೆ. ಶಾಯಿಗೆ ಬೇಕಾದ ಒಗರು ಸಾಗವಾನಿಯಲ್ಲೇ ಇದೆ. ಅಂದರೆ ಅಜ್ಜನ ದೌತಿಯಿಂದ ಚೆಲ್ಲಿದ ಕಬ್ಬಿಣಕ್ಕೆ ಹಲಗೆಯೂ ತನ್ನ ಪಾಲು ಕೂಡಿಸಿ ಇನ್ನಷ್ಟು ಮಸಿ ಮಾಡಿಕೊಂಡಿತ್ತು. ಕಲೆ ಮರದ ಮೇಲೆ ಬಿದ್ದದ್ದು ಎಂದು ನಾವು ತಿಳಿದಿದ್ದೆವು. ಅದರಲ್ಲಿ ಒಂದಿಷ್ಟು ಮರದ್ದೇ. ಪುಸ್ತಕದಿಂದ ನಾನು ಬಲ್ಲ ಈ ರಸಾಯನವನ್ನು ಅಪ್ಪ ನಲವತ್ತು ವರ್ಷದಿಂದ ಸ್ಪ್ಯಾನರ್ ಹಿಡಿದು ನೋಡುತ್ತಿದ್ದ.

ಔಷಧವೂ ಆಟೋ ನಗರದಲ್ಲೇ ಸಿಕ್ಕಿತು. ಪಕ್ಕದ ರೇಡಿಯೇಟರ್ ರಿಪೇರಿಯವರು ತುಕ್ಕು ತೆಗೆಯಲು ಬಳಸುವ ಆಕ್ಸಾಲಿಕ್ ಆಸಿಡ್, ನೋಡಲು ಸಕ್ಕರೆಯಂಥ ಬಿಳಿ ಹರಳು. ಅದು ಕಬ್ಬಿಣವನ್ನು ಅಪ್ಪಿಕೊಂಡು ನೀರಿನಲ್ಲಿ ಕರಗುವ ಹಾಗೆ ಮಾಡುತ್ತದೆ. ಬಿಳಿ ಬಟ್ಟೆಯ ತುಕ್ಕಿಗೆ ಅವ್ವ ಲಿಂಬೆ-ಉಪ್ಪು ಹಚ್ಚುವುದರ ಹಿಂದಿನ ಗುಟ್ಟೂ ಹೆಚ್ಚುಕಡಿಮೆ ಇದೇ. ಇದು ಹೆಚ್ಚು ಜೋರು ಅಷ್ಟೆ. ಜೋರು ಎಂದರೆ ವಿಷವೂ ಹೌದು. ಕೆಸುವಿನ ಎಲೆ ಸರಿಯಾಗಿ ಬೇಯದಿದ್ದರೆ ಗಂಟಲು ಕೆರೆಯುವುದು ಇದೇ ಆಸಿಡ್ಡಿನ ಸುಣ್ಣದ ಹರಳುಗಳಿಂದ. ರೇಡಿಯೇಟರಿನವರು ಪೊಟ್ಟಣ ಕೊಡುತ್ತ ಒಂದೇ ಮಾತು ಹೇಳಿದರು: "ಬ್ಲೀಚಿಂಗ್ ಬಿದ್ದಲ್ಲಿ ಇದನ್ನ ಹಾಕಬ್ಯಾಡ್ರಿ. ಮೊದಲ ತೊಳೀರಿ." ಎರಡೂ ಕೂಡಿದರೆ ಕ್ಲೋರಿನ್ ಏಳುತ್ತದೆ.

ಎರಡನೆಯ ಭಾನುವಾರ ಅಪ್ಪನೂ ಬಂದ. ಬಹಳ ವರ್ಷಗಳ ಮೇಲೆ ಅವನು ಆ ಮಹಡಿ ಹತ್ತಿದ್ದು. ಕಿಟಕಿಗಳನ್ನೆಲ್ಲ ತೆರೆದು ಹಲಗೆಯನ್ನು ನಾಲ್ಕು ಸಲ ತೊಳೆದು ಒಣಗಿಸಿದೆವು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಂದು ಲೀಟರ್ ಬಿಸಿನೀರಿಗೆ ಸುಮಾರು 50 ಗ್ರಾಂ ಹರಳು, ಕೈಗೆ ಗ್ಲೌಸು. ನಾನು ಕಲೆಯ ಮೇಲಷ್ಟೇ ಹಚ್ಚಲು ಹೋದೆ. ಅಪ್ಪ ತಡೆದ. "ಕಲೀಗೆ ಅಷ್ಟ ಹಚ್ಚಿದರ ಅಲ್ಲಿ ಬೆಳ್ಳಗ ಇನ್ನೊಂದು ಕಲಿ ಆಗ್ತೈತಿ. ಪೂರಾ ಹಲಗೀಗೆ ಹಚ್ಚು." ತಂತಿಯ ಬ್ರಷ್ಷನ್ನೂ ಮುಟ್ಟಗೊಡಲಿಲ್ಲ, ಉದುರಿದ ಕಬ್ಬಿಣದ ಚೂರು ಹೊಸ ಕಪ್ಪು ಹುಟ್ಟಿಸುತ್ತದೆ. ತೆಂಗಿನ ನಾರಿನಿಂದ ಉಜ್ಜಿದೆವು. ತುಕ್ಕಿನ ಬಣ್ಣ ಹಳದಿಯಾಗಿ ನೀರಿಗೆ ಬಿಟ್ಟುಕೊಳ್ಳತೊಡಗಿತು. ಮೂರು ಸಲ ಹಚ್ಚಿ, ಅಡುಗೆ ಸೋಡಾದ ನೀರಿನಿಂದ ತೊಳೆದು, ಮತ್ತೆ ಬರಿ ನೀರಿನಿಂದ ತೊಳೆದೆವು. ಹರಳು ಉಳಿದು ಒಣಗಿದರೆ ಉಜ್ಜುವಾಗ ಧೂಳು ಮೂಗಿಗೆ ಹೋಗುತ್ತದೆ, ಅದಕ್ಕೆ.

ಹಲಗೆ ಆರುವವರೆಗೆ ಇಬ್ಬರೂ ಗೋಡೆಗೊರಗಿ ಕೂತೆವು. ನನ್ನ ಕೆಲಸದ ಬಗ್ಗೆ ಅಪ್ಪ ಮೊದಲ ಸಲ ಕೇಳಿದ. ಹಳೆಯ ಕಾಗದಗಳಲ್ಲಿ ಇದೇ ಶಾಯಿ ಬರೆದ ಜಾಗವನ್ನೇ ತಿಂದುಹಾಕುತ್ತದೆ, ಅಕ್ಷರದ ಆಕಾರದಲ್ಲೇ ತೂತು ಬೀಳುತ್ತದೆ ಎಂದೆ. 1990ರ ದಶಕದಲ್ಲಿ ನೆದರ್ಲೆಂಡ್ಸಿನ ಸಂರಕ್ಷಕರು ಕಾಳಿನ ತೌಡಿನಲ್ಲಿರುವ ಫೈಟಿಕ್ ಆಮ್ಲದ ಲವಣ ಬಳಸಿ ಹಾನಿ ಮಾಡುವ ಕಬ್ಬಿಣವನ್ನು ಕಟ್ಟಿಹಾಕುವ ಬಗೆ ಕಂಡುಹಿಡಿದರು, ಅಕ್ಷರ ಹಾಗೇ ಉಳಿಯುತ್ತದೆ ಎಂದೆ.

"ಅವರು ಉಳಸಾಕತ್ತಾರ, ನಾವು ತಗ್ಯಾಕತ್ತೀವಿ" ಅಂದ.

ಧೈರ್ಯ ಮಾಡಿ ಕೇಳಿದೆ: ದೌತಿ ಉರುಳಿಸಿದ್ದು ನೀನೇನಾ?

ಅಪ್ಪ ಹಲಗೆಯನ್ನೇ ನೋಡುತ್ತಿದ್ದ. "ಬೆಕ್ಕು ಅಂತ ಬರಿ."

ಸಂಜೆ ನೋಡಿದರೆ ಕಲೆ ಪೂರ್ತಿ ಹೋಗಿರಲಿಲ್ಲ. ಎರಡು ಹಲಗೆಗಳ ಸಂದಿಯಲ್ಲಿ, ಶಾಯಿ ಆಳಕ್ಕಿಳಿದ ಕಡೆ, ಬೂದಿಬಣ್ಣದ ನೆರಳು ಉಳಿದಿತ್ತು. ಅದನ್ನು ತೆಗೆಯಬೇಕಾದರೆ ಮರವನ್ನೇ ಕೆತ್ತಬೇಕು. ಬೇಡ ಅಂದ ಅಪ್ಪ. ಆ ಹಲಗೆಗಳ ಕಬ್ಬಿಣದ ಮೊಳೆಗಳನ್ನು ಕಿತ್ತು, ಆಟೋ ನಗರದಿಂದ ತಂದಿದ್ದ ಹಿತ್ತಾಳೆಯ ಸ್ಕ್ರೂ ಕೂಡಿಸಿದ. ಮುಂದಿನ ವಾರ ಸಣ್ಣ ಮರಳುಕಾಗದ ಆಡಿಸಿ, ಅಗಸೆ ಎಣ್ಣೆ ಹಚ್ಚಿ ಬಂದೆವು. ಕಾಕಾ ಬಗ್ಗಿ ನೋಡಿ, "ನಡೀತೈತಿ" ಅಂದ.

ಈಗ ಮಹಡಿಗೆ ಜನ ಬಂದು ಹೋಗುತ್ತಾರೆ. ಖಾನಾಪುರದ ಮಳೆ ಹಿಡಿದು, ತೇವಕ್ಕೆ ಹಲಗೆ ಕಂದುಬಣ್ಣ ಏರಿದಾಗ ಆ ನೆರಳು ಮತ್ತೆ ಕಾಣುತ್ತದಂತೆ. ಕಾಕಾ ಅದರ ಮೇಲೆ ಚಾಪೆ ಹಾಸಿದ್ದಾನೆ. ಈ ವರ್ಷದ ಫೆಲೋಶಿಪ್ ಅರ್ಜಿ ಮೊನ್ನೆ ತುಂಬಿದೆ. ತಂದೆಯ ಉದ್ಯೋಗ: ಲಾರಿ ಬಾಡಿ ಕಟ್ಟುವುದು, ಆಟೋ ನಗರ, ಬೆಳಗಾವಿ. ಬಾಲ್‌ಪೆನ್ನಿನಲ್ಲಿ ಬರೆದೆ.