ಜರಡಿಯಿಂದ ಉದುರಿದವರು

ವಿದ್ಯಾರ್ಥಿಯೊಬ್ಬನು ತೇರ್ಗಡೆಯಾಗದಿದ್ದರೆ ದೋಷವನ್ನು ಅವನ ಖಾತೆಗೇ ಬರೆಯುವುದು ಎಲ್ಲೆಡೆಯ ರೂಢಿ. ಅಮೆರಿಕದ ಕಾಲೇಜುಗಳಲ್ಲಿ ಮೊದಲ ವರ್ಷದ ರಸಾಯನಶಾಸ್ತ್ರದ ಮಟ್ಟಿಗೆ ಈ ರೂಢಿ ಬಹುಕಾಲ ಪ್ರಶ್ನೆಯಿಲ್ಲದೆ ನಡೆಯಿತು. ವೈದ್ಯನಾಗಬಯಸುವವನೂ ಎಂಜಿನಿಯರಾಗಬಯಸುವವನೂ ಆ ಬಾಗಿಲನ್ನು ದಾಟಲೇಬೇಕು. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ನೂರಾರು ಮಂದಿ ಒಂದೇ ಸಭಾಂಗಣದಲ್ಲಿ ಕುಳಿತು ಬರೆದುಕೊಳ್ಳುವರು; ಕೆಲವರು ನಡುವೆಯೇ ವಿಷಯವನ್ನು ಬಿಟ್ಟುಹೋಗುವರು. ಜರಡಿ ತನ್ನ ಕೆಲಸ ಮಾಡಿತೆಂದು ಅಧ್ಯಾಪಕರು ಸಮಾಧಾನಪಟ್ಟುಕೊಳ್ಳುವರು.

ಈ ಸಮಾಧಾನವನ್ನು ಕದಲಿಸಿದ್ದು 1997ರಲ್ಲಿ ಪ್ರಕಟವಾದ ಇಲೇನ್ ಸೀಮೂರ್ ಮತ್ತು ನ್ಯಾನ್ಸಿ ಹೆವಿಟ್ ಅವರ ಗ್ರಂಥ. ವಿಜ್ಞಾನವನ್ನು ತೊರೆದವರನ್ನೂ ಅದರಲ್ಲಿಯೇ ಉಳಿದವರನ್ನೂ ಅವರು ಮಾತನಾಡಿಸಿದ್ದರು. ತೊರೆದವರು ಸಾಮರ್ಥ್ಯದಲ್ಲಿ ಉಳಿದವರಿಗಿಂತ ಬೇರೆ ಬಗೆಯವರಾಗಿರಲಿಲ್ಲ. ಬೋಧನೆ ಸರಿಯಿಲ್ಲವೆಂಬ ದೂರು ಎರಡು ಪಂಗಡದವರಲ್ಲಿಯೂ ಇತ್ತು. ಜರಡಿಯಿಂದ ಉದುರಿದ್ದು ಬರಿಯ ಧೂಳಲ್ಲ, ಕಾಳೂ ಅದರೊಡನಿತ್ತು.

ಅಷ್ಟರೊಳಗೆ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಊರಿನ ಫ್ರಾಂಕ್ಲಿನ್ ಮತ್ತು ಮಾರ್ಷಲ್ ಕಾಲೇಜಿನಲ್ಲಿ ರಿಚರ್ಡ್ ಮೋಗ್, ಜಾನ್ ಫ್ಯಾರಲ್ ಮತ್ತು ಜೇಮ್ಸ್ ಸ್ಪೆನ್ಸರ್ ಎಂಬ ಅಧ್ಯಾಪಕರು 1994ರಿಂದ ಉಪನ್ಯಾಸವನ್ನೇ ಬದಿಗಿಟ್ಟು ಬೇರೊಂದು ಕ್ರಮವನ್ನು ಹಿಡಿದಿದ್ದರು. ವಿದ್ಯಾರ್ಥಿಗಳು ಮೂರು ನಾಲ್ಕು ಮಂದಿಯ ಗುಂಪುಗಳಾಗಿ ಕೂರುವರು. ಒಬ್ಬನು ಗುಂಪನ್ನು ನಡೆಸುವವನು, ಒಬ್ಬನು ಬರೆದಿಡುವವನು, ಮತ್ತೊಬ್ಬನು ತರಗತಿಯೆದುರು ಹೇಳುವವನು. ಕೈಯಲ್ಲಿರುವ ಹಾಳೆಯಲ್ಲಿ ಕೆಲವು ಪರಮಾಣುಗಳ ಚಿತ್ರ, ಪ್ರತಿಯೊಂದರ ಪ್ರೋಟಾನು, ನ್ಯೂಟ್ರಾನು, ಎಲೆಕ್ಟ್ರಾನುಗಳ ಲೆಕ್ಕ. ಕಾರ್ಬನ್ ಪರಮಾಣುಗಳಿಗೆಲ್ಲ ಸಮಾನವಾದುದೇನೆಂದು ಪ್ರಶ್ನೆ. ಒಂದರಲ್ಲಿ ನ್ಯೂಟ್ರಾನು 6, ಇನ್ನೊಂದರಲ್ಲಿ 7. ಪ್ರೋಟಾನು ಮಾತ್ರ ಎಲ್ಲದರಲ್ಲಿಯೂ 6. ಇದನ್ನು ತಾವೇ ಕಂಡುಕೊಂಡ ಬಳಿಕವಷ್ಟೇ 'ಪರಮಾಣು ಸಂಖ್ಯೆ' ಎಂಬ ಹೆಸರು ಬರುತ್ತದೆ. ಅರ್ಥ ಮೊದಲು, ಹೆಸರು ಆಮೇಲೆ. ಅಧ್ಯಾಪಕನು ಸುಮ್ಮನೆ ಕೂರುವಂತಿಲ್ಲ. ಗುಂಪಿನಿಂದ ಗುಂಪಿಗೆ ತಿರುಗುತ್ತ, ಸಿಕ್ಕಿಕೊಂಡವರಿಗೆ ಉತ್ತರದ ಬದಲು ಇನ್ನೊಂದು ಪ್ರಶ್ನೆಯನ್ನು ಕೊಡಬೇಕು. ತಿಳಿದವನಿಗೆ ಬಾಯಿ ಬಿಗಿಹಿಡಿಯುವುದು ಭಾಷಣಕ್ಕಿಂತ ಕಠಿಣ.

ಆ ಕಾಲೇಜಿನ ಲೆಕ್ಕ ಸ್ಪಷ್ಟವಾಗಿದೆ. ಹಿಂದಿನ ನಾಲ್ಕು ವರ್ಷಗಳಲ್ಲಿ ಕೆಳದರ್ಜೆ ಪಡೆದವರು, ಅನುತ್ತೀರ್ಣರು, ನಡುವೆ ಬಿಟ್ಟವರು ಸೇರಿ ಶೇಕಡಾ 21.9, ಮುಂದಿನ ನಾಲ್ಕು ವರ್ಷಗಳಲ್ಲಿ 9.6. ಐದರಲ್ಲೊಂದು ಪಾಲು ಸರಕು ದಾರಿಯಲ್ಲಿಯೇ ಕೆಡುತ್ತಿದ್ದರೆ, ಅದು ಸರಕಿನದೇ ತಪ್ಪೆಂದು ಸುಮ್ಮನಿರುವ ವರ್ತಕನಿಲ್ಲ. ಆದರೆ ಇದು ಒಂದು ಚಿಕ್ಕ ಕಾಲೇಜಿನ ಮಾತು. ವಿಜ್ಞಾನ, ಗಣಿತ, ಎಂಜಿನಿಯರಿಂಗ್ ವಿಷಯಗಳ 225 ಅಧ್ಯಯನಗಳನ್ನು ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು 2014ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಅನುತ್ತೀರ್ಣರು ಉಪನ್ಯಾಸದಲ್ಲಿ ಶೇಕಡಾ 33.8, ಸಕ್ರಿಯ ಕಲಿಕೆಯಲ್ಲಿ 21.8 ಎಂದು ಕಂಡಿತು. ಹಿಂದುಳಿದ ಸಮುದಾಯಗಳ ವಿದ್ಯಾರ್ಥಿಗಳಿಗೂ ಇತರರಿಗೂ ಇದ್ದ ಅಂತರ ಈ ಕ್ರಮದಿಂದ ಕಿರಿದಾಗುವುದೆಂದು 2020ರಲ್ಲಿ ಮತ್ತೊಂದು ಅಂತಹುದೇ ಪರಿಶೀಲನೆ ತೋರಿಸಿತು.

ಹಾಗಿದ್ದರೂ ಎಲ್ಲರೂ ಇದನ್ನು ಏಕೆ ಕೈಗೊಳ್ಳಲಿಲ್ಲ? ಪಾಠ ಮುಗಿಯದೆಂಬ ಭಯವೊಂದು. ಗುಂಪಿನಲ್ಲಿ ಒಬ್ಬನು ದುಡಿದು ಉಳಿದವರು ನಕಲು ಮಾಡುವರೆಂಬ ಶಂಕೆ ಇನ್ನೊಂದು. ಈ ಶಂಕೆ ನಿರಾಧಾರವೇನಲ್ಲ, ಹೊಣೆಗಳನ್ನು ಸರದಿಯಂತೆ ಬದಲಿಸುವುದು ಅದಕ್ಕಾಗಿಯೇ. ಇವೆರಡಕ್ಕಿಂತ ಸೂಕ್ಷ್ಮವಾದ ಅಡಚಣೆ 2019ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ತರಗತಿಗಳಿಂದ ಹೊರಬಂದಿತು. ಸಕ್ರಿಯವಾಗಿ ಕಲಿತವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು. ಆದರೆ ತಾವು ಕಡಿಮೆ ಕಲಿತೆವೆಂದು ಭಾವಿಸಿದರು. ಸರಾಗವಾದ ಉಪನ್ಯಾಸವನ್ನು ಕೇಳಿದವರಿಗೆ ಎಲ್ಲವೂ ತಿಳಿದಂತಾಗಿತ್ತು. ವಿದ್ಯಾರ್ಥಿಗಳ ಮೆಚ್ಚುಗೆಯನ್ನೇ ಅಳತೆಗೋಲಾಗಿಸಿಕೊಂಡ ಸಂಸ್ಥೆಯಲ್ಲಿ ಹೆಚ್ಚು ಕಲಿಸಿದ ಅಧ್ಯಾಪಕನೇ ಹೆಸರು ಕೆಡಿಸಿಕೊಳ್ಳಬೇಕಾದೀತು. ಅವನಿಗೆ ಎದುರಾಗುವ ನಿಜವಾದ ಪರೀಕ್ಷೆ ಇದು. ಅವಧಿಯ ಆರಂಭದಲ್ಲಿಯೇ ಈ ಭ್ರಮೆಯನ್ನು ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಿದಾಗ ಅನೇಕರ ಅಭಿಪ್ರಾಯ ಬದಲಾಯಿತೆಂದು ಅದೇ ಅಧ್ಯಯನ ತಿಳಿಸುತ್ತದೆ.