ಕಾಚಿಗೂಡದಿಂದ ಮೂರು ಸೀಮೆಗೆ



ರಜೆ ಹತ್ತಿರ ಬಂತೆಂದರೆ ನಿಮ್ಮ ಬಾಯಲ್ಲಿ ಈಗ ದೂರದೂರದ ದೇಶಗಳ ಹೆಸರು ಕೇಳಿಬರುತ್ತದೆ. ಕೆಲಸಕ್ಕೆ ಸೇರಿದವರಲ್ಲಿ ಕೆಲವರು ದಕ್ಷಿಣ ಅಮೆರಿಕದ ಪೆರುವಿಗೆ ಹೋಗಬೇಕೆಂದು ಹಣ ಕೂಡಿಡುತ್ತಿರುವುದೂ ಉಂಟು. ಒಳ್ಳೆಯದೇ. ಪೆರು ನಿಜಕ್ಕೂ ವಿಚಿತ್ರ ನಾಡು. ಕೋಸ್ಟಾ, ಸಿಯೆರ್ರಾ, ಸೆಲ್ವಾ, ಅಂದರೆ ಕರಾವಳಿ, ಬೆಟ್ಟಸೀಮೆ, ಕಾಡು ಎಂದು ಅಲ್ಲಿಯ ಮಕ್ಕಳು ತಮ್ಮ ದೇಶವನ್ನು ಮೂರು ಭಾಗವಾಗಿ ಕಲಿಯುತ್ತಾರೆ. ಸಮುದ್ರದ ದಡದಲ್ಲೇ ಇರುವ ಲೀಮಾ ನಗರದಲ್ಲಿ ಮಳೆ ಇಲ್ಲವೆಂದೇ ಹೇಳಬೇಕು. ಆಂಡಿಸ್ ಬೆಟ್ಟ ದಾಟಿದರೆ ಅಮೆಜಾನಿನ ದಟ್ಟ ಕಾಡು. ಸುಮಾರು 3,400 ಮೀಟರ್ ಎತ್ತರದ ಕುಸ್ಕೋ ನಗರಕ್ಕೆ ಹೋದವರು ಮೊದಲ ಒಂದೆರಡು ದಿನ ಉಸಿರಾಟ ಹೊಂದಿಕೊಳ್ಳಲೆಂದೇ ವಿಶ್ರಾಂತಿ ತೆಗೆದುಕೊಳ್ಳಬೇಕಾಗುತ್ತದೆ. ಯಾವ ಸೀಮೆಗೆ ಯಾವಾಗ, ಯಾವ ಕ್ರಮದಲ್ಲಿ ಎಂದು ಯೋಚಿಸದೆ ಹೊರಟರೆ ಅರ್ಧ ರಜೆ ಬಸ್ಸಿನಲ್ಲಿ, ಇನ್ನರ್ಧ ತಲೆನೋವಿನಲ್ಲಿ ಮುಗಿದೀತು.

ಈ ಮಾತನ್ನು ಏಕೆ ಎತ್ತಿದೆವೆಂದರೆ, ನಿಮ್ಮ ತಂದೆತಾಯಿಯರ ನಾಡೂ ಹೀಗೆಯೇ ಮೂರು ಸೀಮೆಯದು. ಕರಾವಳಿ, ಮಲೆನಾಡು, ಬಯಲುಸೀಮೆ. ಪೆರುವಿನ ಮಳೆಯ ಲೆಕ್ಕ ಇಲ್ಲಿ ತಿರುಗುಮುರುಗು. ನಮ್ಮಲ್ಲಿ ಕಡಲಿನಿಂದ ಬರುವ ಮುಂಗಾರು ಮೋಡ ಪಶ್ಚಿಮಘಟ್ಟಕ್ಕೆ ತಾಗಿ ಅಲ್ಲೇ ಸುರಿಯುತ್ತದೆ. ಘಟ್ಟದ ಹಿಂದಿನ ಬಯಲಿಗೆ ಉಳಿದಷ್ಟೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ರಾಯಚೂರಿನಲ್ಲಿ ಅದರ ಹತ್ತನೇ ಒಂದು ಪಾಲಿನಷ್ಟು. ಒಂದೇ ರಾಜ್ಯ, ಒಂದೇ ಭಾಷೆ. ಆದರೆ ಊಟ ಬೇರೆ, ಮನೆಯ ಮಾಡು ಬೇರೆ, ಮಾತಿನ ಧಾಟಿಯೇ ಬೇರೆ. ಇದನ್ನು ನೋಡಲು ನಿಮಗೆ ಪಾಸ್‌ಪೋರ್ಟು ಬೇಡ. ಕಾಚಿಗೂಡ ಸ್ಟೇಷನ್ನಿಗೆ ಹೋದರೆ ಸಾಕು.

ಮೊದಲು ಕಾಲ ಗೊತ್ತುಮಾಡಿಕೊಳ್ಳಿ. ನಮ್ಮಲ್ಲಿ ದೊಡ್ಡ ರಜೆಗಳು ಮೂರು: ಬೇಸಿಗೆ, ದಸರಾ, ಸಂಕ್ರಾಂತಿ. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರು ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಕೋಟೆ ಹತ್ತುವ ಕಾಲವಲ್ಲ ಅದು. ಆದರೆ ಮದುವೆ, ಜಾತ್ರೆ, ಮಾವಿನಹಣ್ಣು ಎಲ್ಲ ಆಗಲೇ. ದಸರೆಯ ಹೊತ್ತಿಗೆ ಮುಂಗಾರು ಮುಗಿಯುತ್ತ ಬಂದು ಮಲೆನಾಡು ಹಸಿರಾಗಿ ನಿಂತಿರುತ್ತದೆ. ಡಿಸೆಂಬರ್-ಜನವರಿ ಬಯಲುಸೀಮೆಯ ಕಾಲ. ಆಗ ಬರುವ ಎಳ್ಳಮವಾಸ್ಯೆಯ ದಿನ ಬೀದರ, ಕಲಬುರಗಿ ಕಡೆಯ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬೆಳೆಗೆ ಚರಗ ಚೆಲ್ಲಿ, ಭಜ್ಜಿ, ರೊಟ್ಟಿ, ಕಡಬು ಉಣ್ಣುತ್ತಾರೆ. ಇಂಥ ಊಟ ಯಾವ ಹೋಟೆಲಿನಲ್ಲೂ ಸಿಗುವುದಿಲ್ಲ.

ಎರಡನೆಯ ಮಾತು: ಒಂದು ರಜೆಗೆ ಒಂದೇ ಸೀಮೆ. ವಾರದಲ್ಲಿ ಬೀದರ, ಹಂಪಿ, ಮೈಸೂರು, ಜೋಗ, ಉಡುಪಿ ಎಲ್ಲವನ್ನೂ ಮುಗಿಸುತ್ತೇವೆಂದು ಹೊರಟವರು ನೋಡುವುದು ರಸ್ತೆಯನ್ನು ಮಾತ್ರ. ಮೂರು ದಾರಿಗಳನ್ನು ಇಲ್ಲಿ ಹೇಳುತ್ತೇವೆ. ನಿಮಗೆ ಒಪ್ಪಿದ್ದನ್ನು ಆರಿಸಿಕೊಳ್ಳಿ.

ಮೊದಲನೆಯದು ಬಯಲುಸೀಮೆ. ನಾಲ್ಕು ದಿನ ಸಾಕು. ಬೀದರ ಹೈದರಾಬಾದಿನಿಂದ ಸುಮಾರು 140 ಕಿಲೋಮೀಟರ್. ಕೋಟೆ, 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ, ಬಿದರಿ ಕಸುಬಿನವರ ಓಣಿ, ಇಷ್ಟಕ್ಕೆ ಒಂದೂವರೆ ದಿನ ಇಡಿ. ಸತು-ತಾಮ್ರ ಬೆರೆಸಿದ ಎರಕಕ್ಕೆ ಬೆಳ್ಳಿ ಕೂರಿಸಿ, ಕೊನೆಗೆ ಕೋಟೆಯ ಹಳೆಯ ಮಣ್ಣಿನಿಂದ ಕಪ್ಪು ಬರಿಸುವುದನ್ನು ಕಣ್ಣಾರೆ ನೋಡಿ. ಬೀದರಿನಿಂದ ಕಲಬುರಗಿಗೆ 2017ರಲ್ಲಿ ರೈಲು ಮಾರ್ಗವಾಗಿದೆ. ಕಲಬುರಗಿಯಲ್ಲಿ ಕೋಟೆಯೊಳಗಿನ ಜಾಮಾ ಮಸೀದಿ, ಬಂದೇ ನವಾಜ್ ದರ್ಗಾ, ಶರಣಬಸವೇಶ್ವರ ಗುಡಿ ನೋಡಿ ಮಳಖೇಡಕ್ಕೆ ಹೋಗಿ. ಹೈದರಾಬಾದಿನಿಂದ ವಾಡಿಗೆ ಹೋಗುವ ರೈಲುದಾರಿ ಈ ಊರಿನ ಹತ್ತಿರವೇ ಹಾದುಹೋಗುತ್ತದೆ. ಕಾಗಿಣಾ ನದಿಯ ದಡದಲ್ಲಿ ಈಗ ಉಳಿದಿರುವುದು ಹಾಳು ಕೋಟೆ, ಬಸದಿ. ಆದರೆ ಇದೇ ರಾಷ್ಟ್ರಕೂಟರ ಮಾನ್ಯಖೇಟ. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಹಳೆಯದಾದ ‘ಕವಿರಾಜಮಾರ್ಗ’ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ್ದು ಇಲ್ಲಿಯ ನೃಪತುಂಗನ ಆಸ್ಥಾನದಲ್ಲಿ. ಕಾಚಿಗೂಡದ ನಮ್ಮ ಕನ್ನಡ ಶಾಲೆಯ ಬೋರ್ಡಿನ ಮೇಲೆ ಇರುವುದು ಆ ಅರಸನ ಹೆಸರೇ. ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಆ ಗ್ರಂಥ ಹೇಳುತ್ತದೆ. ಹೈದರಾಬಾದಿಗೆ ಬಹುಕಾಲ ಕುಡಿಯುವ ನೀರು ಕೊಟ್ಟ ಮಂಜೀರಾ ನದಿ ಬೀದರ ಜಿಲ್ಲೆಯಿಂದಲೇ ಇತ್ತ ಹರಿದುಬಂದು ಗೋದಾವರಿಗೆ ಸೇರುವುದು ಎಂಬುದು ನೆನಪಿರಲಿ.

ಎರಡನೆಯದು ಕರಾವಳಿ. ಕಾಚಿಗೂಡದಿಂದ ಮಂಗಳೂರು ಕಡೆಗೆ ಹೋಗುವ ರೈಲು ಇದೆ. ಪ್ರತಿದಿನ ಇಲ್ಲ, ಆದ್ದರಿಂದ ದಿನ ನೋಡಿಕೊಂಡು ರಜೆ ಹಾಕಿ. ನಕ್ಷೆ ತೆರೆದು ಅದರ ದಾರಿ ನೋಡಿದರೆ ನಿಮಗೆ ಆಶ್ಚರ್ಯವಾದೀತು. ಪಶ್ಚಿಮಕ್ಕೆ ಹೋಗಬೇಕಾದ ರೈಲು ಕಡಪ, ಸೇಲಂ, ಕೊಯಮತ್ತೂರು ಎಂದು ದಕ್ಷಿಣಕ್ಕೆ ಓಡುತ್ತದೆ. ಘಟ್ಟದ ಸಾಲು ಪಾಲಕ್ಕಾಡಿನ ಬಳಿ ತೆರವಾಗಿದೆ. ಅಲ್ಲಿ ನುಸುಳಿ, ಕಡಲ ಅಂಚಿನಲ್ಲಿ ಉತ್ತರಕ್ಕೆ ತಿರುಗಿ ಕಾಸರಗೋಡಿಗೆ ಬರುತ್ತದೆ. ಇಲ್ಲೊಮ್ಮೆ ಇಳಿಯಿರಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿಯ ಕನ್ನಡದ ಹುಡುಗ ಹುಡುಗಿಯರೂ ನಿಮ್ಮಂತೆಯೇ ಬೇರೆ ರಾಜ್ಯದಲ್ಲಿದ್ದು ಕನ್ನಡ ಆಡುವವರು. ಸಮೀಪದ ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಮನೆ ಸ್ಮಾರಕವಾಗಿದೆ. ಮುಂದೆ ಮಂಗಳೂರು, ಉಡುಪಿ. ಮನೆಗೆ ಹೋದರೆ ‘ಆಸರಿಗೆ ಬೇಕಾ?’ ಎಂದು ಕೇಳಿ ಬೆಲ್ಲ ನೀರು ಕೊಟ್ಟಾರು. ನೀರುದೋಸೆ, ಕುಚ್ಚಲಕ್ಕಿ ಗಂಜಿ ಬೇಡವೆನ್ನಬೇಡಿ.

ಮೂರನೆಯದು ಮಲೆನಾಡು. ಕಾಚಿಗೂಡದಿಂದ ಬೆಂಗಳೂರಿಗೆ ರಾತ್ರಿಯ ರೈಲು ಇದೆ. 2023ರ ಸೆಪ್ಟೆಂಬರಿನಿಂದ ಯಶವಂತಪುರಕ್ಕೆ ಹಗಲಿನ ವಂದೇ ಭಾರತ್ ಕೂಡ ಇದೆ. ಬೆಂಗಳೂರಿನಿಂದ ಶಿವಮೊಗ್ಗ, ಸಾಗರದ ಮೂಲಕ ತಾಳಗುಪ್ಪದವರೆಗೆ ರೈಲು. ಅಲ್ಲಿಂದ ಜೋಗ ಹತ್ತಿರ. ಶರಾವತಿ ಅಲ್ಲಿ 253 ಮೀಟರ್ ಕೆಳಕ್ಕೆ ಧುಮುಕುತ್ತಾಳೆ. ಆದರೆ ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇರುವುದರಿಂದ ಬೇಸಿಗೆಯಲ್ಲಿ ನೀರು ತೆಳುಗೆರೆಯಂತೆ ಇರುತ್ತದೆ. ಮೇ ತಿಂಗಳಲ್ಲಿ ಹೋಗಿ ನಿರಾಶರಾಗುವುದಕ್ಕಿಂತ ದಸರೆಯ ರಜೆಗೆ ಇದನ್ನು ಇಟ್ಟುಕೊಳ್ಳಿ. ತೀರ್ಥಹಳ್ಳಿಯ ಬಳಿ ಕುವೆಂಪು ಅವರ ಕುಪ್ಪಳಿ ಮನೆ, ಆಮೇಲೆ ಆಗುಂಬೆ. ಕೊಡೆ ಇರಲಿ, ಮಳೆ ಉಳಿದಿದ್ದರೆ ಇಂಬಳವೂ ಇದ್ದೀತು.

ಯಾವ ದಾರಿಯಾದರೂ ಟಿಕೆಟಿನ ವಿಷಯ ಮರೆಯಬೇಡಿ. 2024ರ ನವೆಂಬರಿನಿಂದ ರೈಲ್ವೆಯವರು ಮುಂಗಡ ಕಾಯ್ದಿರಿಸುವ ಅವಧಿಯನ್ನು 60 ದಿನಕ್ಕೆ ಇಳಿಸಿದ್ದಾರೆ. ಹಬ್ಬದ ರಜೆಯಾದರೆ ಅವಧಿ ತೆರೆದ ದಿನವೇ ಮಾಡಿಸಿ.

ಇನ್ನು ಮುಖ್ಯವಾದ ಮಾತು. ನಿಮ್ಮಲ್ಲಿ ಅನೇಕರ ಮನೆತನದವರು ಬೀದರ, ಕಲಬುರಗಿ, ರಾಯಚೂರು ಕಡೆಯಿಂದ ಬಂದವರು. ಹಿರಿಯರು ಇಲ್ಲಿಗೆ ಬಂದಾಗ ಇದು ಅವರಿಗೆ ಪರರಾಜ್ಯವಾಗಿರಲಿಲ್ಲ. ಓದಿಗೆ, ನೌಕರಿಗೆ ತಮ್ಮದೇ ರಾಜಧಾನಿಗೆ ಬಂದಿದ್ದರು. 1956ರ ನವೆಂಬರ್ 1ರಂದು ಗಡಿ ಬದಲಾಯಿತು. ಊರು ಒಂದು ರಾಜ್ಯಕ್ಕೆ, ಮನೆ ಇನ್ನೊಂದು ರಾಜ್ಯಕ್ಕೆ ಸೇರಿತು. ಅವರು ಹಬ್ಬಕ್ಕೆ, ಹೊಲದ ಲೆಕ್ಕಕ್ಕೆ ಊರಿಗೆ ಹೋಗಿ ಬರುತ್ತಿದ್ದರು. ಈಗ ಹೋಗುವವರು ಕಡಿಮೆಯಾಗಿದ್ದಾರೆ. ಊರಿನ ಮನೆಗೆ ಬೀಗ ಬಿದ್ದಿದೆ, ಇಲ್ಲವೆ ವಯಸ್ಸಾದ ಮುತ್ಯಾ, ಆಯಿ ಇಬ್ಬರೇ ಇದ್ದಾರೆ. ಯಾವ ಹೊಲ ಯಾರದು, ಯಾವ ಓಣಿಯಲ್ಲಿ ಯಾರ ಮನೆ, ಮನೆದೇವರು ಯಾವುದು ಎಂಬುದೆಲ್ಲ ಅವರ ಬಾಯಲ್ಲಿದೆ, ಯಾವ ಪುಸ್ತಕದಲ್ಲೂ ಇಲ್ಲ. ಜೋಗ ಮುಂದಿನ ವರ್ಷವೂ ಧುಮುಕುತ್ತದೆ, ಮಾಚು ಪಿಚು ಹತ್ತು ವರ್ಷದ ಮೇಲೂ ಅಲ್ಲೇ ಇರುತ್ತದೆ. ಮುತ್ಯಾ, ಆಯಿಯ ವಿಷಯದಲ್ಲಿ ಹಾಗೆ ಹೇಳಲಾಗದು. ಆದ್ದರಿಂದ ಎಲ್ಲಿಗೆ ಹೋಗುವ ಯೋಜನೆ ಹಾಕಿದರೂ ಅದರಲ್ಲಿ ಎರಡು ದಿನ ಸ್ವಂತ ಊರಿಗೆ ಮೀಸಲಿಡಿ. ಬೇಸಿಗೆಯ ಬಿಸಿಲಾದರೂ ಚಿಂತೆಯಿಲ್ಲ. ಮನೆಯೊಳಗೆ ಕುಳಿತು ಕೇಳಿ, ಬರೆದುಕೊಳ್ಳಿ. ಮೊಬೈಲಿನಲ್ಲಿ ಧ್ವನಿ ಹಿಡಿದಿಟ್ಟರೆ ಇನ್ನೂ ಒಳ್ಳೆಯದು.

ನಮ್ಮ ಕನ್ನಡ ಸರಿಯಿಲ್ಲ, ನಗುತ್ತಾರೆ ಎಂದು ನಿಮ್ಮಲ್ಲಿ ಕೆಲವರು ಹಿಂಜರಿಯುತ್ತೀರಿ. ಹಿಂಜರಿಕೆ ಬೇಡ. ಕಲಬುರಗಿಯ ಕನ್ನಡದಲ್ಲಿ ‘ಜಲ್ದಿ’, ‘ಖರೇ’, ‘ಬರೋಬರಿ’ ಎಲ್ಲ ಇದೆ. ಮಂಗಳೂರಿನವರದು ಇನ್ನೊಂದು ಬಗೆ. ಹೈದರಾಬಾದಿನ ನಿಮ್ಮದೂ ಒಂದು ಬಗೆ ಎಂದು ತಿಳಿಯಿರಿ. ಹಿರಿಯರು ‘ಕೂಡ್ರಿ, ನೀರು ಕುಡೀರಿ’ ಎಂದಾಗ ಇಂಗ್ಲಿಷಿಗೆ ಜಾರದಿದ್ದರೆ ಸಾಕು. ಓದಲು ಬಾರದವರು ಹೊರಡುವ ಮೊದಲು ಎರಡು ತಿಂಗಳು ಅಕ್ಷರ ಕಲಿಯಿರಿ. ತೆಲುಗು ಓದಬಲ್ಲವರಿಗೆ ಕನ್ನಡದ ಅಕ್ಷರ ಬಹಳ ಹತ್ತಿರ. ಬಸ್ಸಿನ ಬೋರ್ಡು ನೀವೇ ಓದಿಕೊಂಡು ಹತ್ತಿದರೆ ಆ ಊರು ನಿಮಗೆ ಅರ್ಧ ಪರಿಚಯವಾದಂತೆ.

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿದ್ದಾರೆ. ಪೆರುವಿಗೂ ಹೋಗಿ. ಅಲ್ಲಿ ಯಾರಾದರೂ ‘ನಿಮ್ಮ ಊರು ಹೇಗಿದೆ?’ ಎಂದು ಕೇಳಿದಾಗ ಹೇಳಲು ನಾಲ್ಕು ಮಾತು ಇರಲಿ ಎಂಬುದಷ್ಟೇ ನಮ್ಮ ಆಸೆ. ಈ ಸಲದ ರಜೆಗೆ ಮೊದಲು ಮನೆಯಲ್ಲಿ ಕೂತು ಊರಿಗೆ ಫೋನು ಮಾಡಿ, ಬರುತ್ತೇವೆಂದು ಹೇಳಿ. ಟಿಕೆಟ್ಟು ಆಮೇಲೆ ತೆಗೆಯುವಿರಂತೆ. ಹೋಗಿ ಬನ್ನಿ.