ಮೂಳೆಯಲ್ಲಿ ಕಟ್ಟಿದ ಹಡಗು

ಪರೀಕ್ಷೆ ಹತ್ತಿರ ಬಂದಿರುವಾಗ ಮಗ ಮೇಜಿನ ತುಂಬ ಅಂಟು, ದಾರ, ಮರದ ಪಟ್ಟಿ ಹರಡಿಕೊಂಡು ಪುಟ್ಟ ಹಾಯಿಹಡಗು ಕಟ್ಟುತ್ತ ಕುಳಿತರೆ ಯಾವ ತಂದೆಗೆ ತಾನೇ ಸಿಟ್ಟು ಬಾರದು? ‘ಇದರಿಂದ ಎಷ್ಟು ಮಾರ್ಕ್ಸ್ ಬರುತ್ತೋ?’ ಎಂಬ ಪ್ರಶ್ನೆಗೆ ಹುಡುಗನಲ್ಲಿ ಉತ್ತರವಿಲ್ಲ. ಆದರೂ ಹಡಗನ್ನು ಬಿಟ್ಟೇಳುವುದಿಲ್ಲ. ಅಂಥದ್ದೇನಿದೆ ಅದರಲ್ಲಿ?

ಉತ್ತರ ಗೊತ್ತಿದ್ದವರು ಇನ್ನೂರು ವರ್ಷಗಳ ಹಿಂದಿನ ಕೈದಿಗಳು. ಫ್ರಾನ್ಸಿನೊಂದಿಗಿನ ಯುದ್ಧದಲ್ಲಿ ಸೆರೆಸಿಕ್ಕವರನ್ನು ಇಡಲು ಇಂಗ್ಲೆಂಡಿನ ಪೀಟರ್‌ಬರೋ ಸಮೀಪದ ನಾರ್ಮನ್ ಕ್ರಾಸ್‌ನಲ್ಲಿ 1797ರಲ್ಲಿ ಶಿಬಿರವೊಂದನ್ನು ತೆರೆದರು. 1814ರಲ್ಲಿ ಅದು ಮುಚ್ಚುವವರೆಗೆ ಸಾವಿರಾರು ಮಂದಿ ಅಲ್ಲಿ ದಿನ ನೂಕಿದರು. ಜೈಲು ಸೇರಿದ ಕಳ್ಳನಿಗಾದರೂ ಬಿಡುಗಡೆಯ ದಿನ ಗೊತ್ತಿರುತ್ತದೆ. ಇವರಿಗೆ ಅದೂ ಗೊತ್ತಿರಲಿಲ್ಲ.

ಊಟದ ಮಾಂಸದಲ್ಲಿ ಉಳಿದ ಮೂಳೆಯೇ ಅವರ ಮರ. ಅದನ್ನು ಶುಚಿಮಾಡಿ, ತೆಳುವಾಗಿ ಸೀಳಿ, ಉಜ್ಜಿ ಹಲಗೆ ಮಾಡಿದರು. ಹಗ್ಗಕ್ಕೆ ಕೂದಲು, ರೇಷ್ಮೆದಾರ. ಬಹಳಷ್ಟು ಹಡಗುಗಳನ್ನು ನೆನಪಿನಿಂದಲೇ ಕಟ್ಟಿದ್ದರಿಂದ ಅಳತೆ ಅಲ್ಲಲ್ಲಿ ತಪ್ಪಿದೆ. ಆದರೆ ದಾರ ಎಳೆದರೆ ಫಿರಂಗಿಗಳೆಲ್ಲ ಒಟ್ಟಿಗೆ ಒಳಸರಿಯುವಂಥ ಹಡಗುಗಳೂ ಉಂಟು. ಶಿಬಿರದ ಸಂತೆಯಲ್ಲಿ ಅವನ್ನು ಮಾರಿ ನಾಲ್ಕು ಕಾಸು ಕಂಡರು.

ಇಂದಿನ ಹುಡುಗನಿಗೆ ಅಂಗಡಿಯ ಪೆಟ್ಟಿಗೆಯಲ್ಲಿ ಎಲ್ಲವೂ ಸಿಗುತ್ತದೆ, ತಾಳ್ಮೆಯೊಂದನ್ನು ಬಿಟ್ಟು. 1765ರಲ್ಲಿ ನೀರಿಗಿಳಿದ, ಮುಂದೆ ನೆಲ್ಸನ್ನನ ಹಡಗೆಂದು ಹೆಸರಾದ ‘ವಿಕ್ಟರಿ’ಯಲ್ಲಿ ಫಿರಂಗಿಗಳ ಸಾಲಿದ್ದ ಅಂತಸ್ತಿನ ಉದ್ದ 186 ಅಡಿ. ಅದನ್ನು ನೂರನೆಯ ಒಂದು ಪಾಲಿಗೆ ಇಳಿಸಿದರೆ ಎರಡು ಅಡಿಗೂ ಕಡಿಮೆ. ಮರದ ಪಟ್ಟಿಯನ್ನು ನೀರಿನಲ್ಲಿ ನೆನೆಸಿ, ಪಕ್ಕೆಲುಬಿನಂಥ ಚೌಕಟ್ಟಿನ ಮೇಲೆ ಬಗ್ಗಿಸಿ, ಒಂದೊಂದಾಗಿ ಅಂಟಿಸಬೇಕು. ಮೊದಲ ಪಟ್ಟಿ ಕೂದಲೆಳೆಯಷ್ಟು ಸೊಟ್ಟಗಾದರೂ ಹತ್ತನೆಯದಕ್ಕೆ ಬರುವಷ್ಟರಲ್ಲಿ ಹಡಗೇ ವಾರೆ. ಬೈಯುವವರಿಲ್ಲ, ಅಂಕ ಕಳೆಯುವವರಿಲ್ಲ. ತಪ್ಪನ್ನು ಹಡಗೇ ತೋರಿಸುತ್ತದೆ. ಬಿಚ್ಚಿ ಮತ್ತೆ ಕೂಡಿಸಬಹುದು. ಶಾಲೆಯ ಪರೀಕ್ಷೆಯಲ್ಲಿ ಈ ಸವಲತ್ತು ಇಲ್ಲ.

ಆಕರ್ಷಣೆ ಇರುವುದು ಇಲ್ಲಿಯೇ. ಇಡೀ ಹಡಗು ಒಂದು ದಿನದಲ್ಲಿ ಮುಗಿಯದು. ಒಂದು ಪಟ್ಟಿ ಮುಗಿಯುತ್ತದೆ. ಬಿಡುಗಡೆ ತನ್ನ ಕೈಯಲ್ಲಿಲ್ಲದ ಕೈದಿಗೂ ಅವತ್ತಿನ ಆ ಒಂದು ಹಲಗೆ ಕೈಯಲ್ಲಿತ್ತು.

ಯುದ್ಧ ನಿಂತು 1814ರಲ್ಲಿ ಬದುಕುಳಿದವರು ಊರಿಗೆ ಹೊರಟರು. ಅವರು ಮಾರಿದ ಹಡಗುಗಳು ಕೊಂಡವರ ಮನೆಗಳಲ್ಲಿ ಉಳಿದವು. ಕೆಲವನ್ನು ಇಂದು ಪೀಟರ್‌ಬರೋ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ಪರೀಕ್ಷೆ ಮುಗಿಯುವ ತನಕ ತಂದೆ ಮಗನ ಹಡಗನ್ನು ಅಟ್ಟದ ಮೇಲಿಟ್ಟರೆ ತಪ್ಪೇನಿಲ್ಲ, ಎಸೆಯದಿದ್ದರೆ ಸರಿ.